ಮಿತವ್ಯಯವೂ ಋಣಮುಕ್ತಿಯೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗೃಹಸ್ಥನ ಧೈರ್ಯ, ತಾಳ್ಮೆ, ವಿವೇಕಗಳೆಲ್ಲವೂ ಈ ಎರಡು ಕಾರ್ಯಗಳಲ್ಲಿ ಒರೆಗೆ ಹಚ್ಚಲ್ಪಡುತ್ತವೆ ಎಂಬುದು ಅದರ ಭಾವ. ಗಾದೆ ಹುಟ್ಟಿದ ಕಾಲದಲ್ಲಿ ಸೂರು ನಿಂತ ದಿನ ಪರೀಕ್ಷೆಯೂ ಬಹುಮಟ್ಟಿಗೆ ಮುಗಿಯುತ್ತಿತ್ತು. ಇಂದಿನ ನಗರವಾಸಿಗೆ ಗೃಹಪ್ರವೇಶದ ತೋರಣ ಬಾಡುವ ಮೊದಲೇ ನಿಜವಾದ ಪರೀಕ್ಷೆ ಪ್ರಾರಂಭವಾಗುತ್ತದೆ. ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ಕಾಲ ಪ್ರತಿ ತಿಂಗಳೂ ತಪ್ಪದೆ ಕಟ್ಟಬೇಕಾದ ಕಂತು ಆ ಮನೆಯ ಕಾಣದ ಕಂಬದಂತೆ ನಿಂತಿರುತ್ತದೆ. ಈ ಭಾರವನ್ನು ಅವಧಿಗೆ ಮೊದಲೇ ಇಳಿಸಿಕೊಳ್ಳಬೇಕೆಂದು ಅನೇಕ ಗೃಹಸ್ಥರು ನಿತ್ಯದ ಖರ್ಚನ್ನು ಕತ್ತರಿಸತೊಡಗುತ್ತಾರೆ. ಸಂಕಲ್ಪವೇನೋ ಪ್ರಶಂಸನೀಯವಾದುದು. ಆದರೆ ಮಿತವ್ಯಯವು ಎಲ್ಲಿಯವರೆಗೆ ಸದ್ಗುಣ, ಎಲ್ಲಿಂದ ಮುಂದೆ ಲೋಭ? ನಮ್ಮ ಋಣಮುಕ್ತಿಗಾಗಿ ನಾವು ಯಾರ ಪಾಲನ್ನು ಕಡಿಮೆ ಮಾಡಬಹುದು? ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲು ಯತ್ನಿಸೋಣ.

ಮೊದಲು ವಿಷಯದ ಸ್ವರೂಪವನ್ನು ತಿಳಿಯುವುದು ಲೇಸು. ಒತ್ತೆ, ಅಡವು, ಅಡಮಾನ, ಭೋಗ್ಯ ಎಂಬ ಮಾತುಗಳು ನಮ್ಮಲ್ಲಿ ಹಳೆಯವು. ಭೋಗ್ಯದ ಪದ್ಧತಿಯಲ್ಲಿ ಸಾಲ ಕೊಟ್ಟವನು ಹೊಲವನ್ನಾಗಲಿ ಮನೆಯನ್ನಾಗಲಿ ತನ್ನ ವಶಕ್ಕೆ ತೆಗೆದುಕೊಂಡು, ಹಣ ಮರಳುವವರೆಗೆ ಅದರ ಫಲವನ್ನು ತಾನೇ ಅನುಭವಿಸುತ್ತಿದ್ದನು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಅಡಮಾನದ ಹಲವು ಬಗೆಗಳನ್ನು ಹೇಳುವಾಗ ಈ ಭೋಗ್ಯವನ್ನೂ, ಹಕ್ಕುಪತ್ರಗಳನ್ನು ಠೇವಣಿಯಿಟ್ಟು ಸಾಲ ಪಡೆಯುವ ಬಗೆಯನ್ನೂ ಸೇರಿಸಿದೆ. ಇಂದಿನ ಗೃಹಸಾಲವು ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಮನೆ ನಮ್ಮ ವಶದಲ್ಲಿರುತ್ತದೆ, ಅದರ ಪತ್ರಗಳು ಬ್ಯಾಂಕಿನ ತಿಜೋರಿಯಲ್ಲಿರುತ್ತವೆ. ಹಿಂದಿನ ಸಾಲಗಾರನು ತನ್ನ ಹೊಲದಲ್ಲಿ ಪರರು ಫಸಲು ಕೊಯ್ಯುವುದನ್ನು ಕಣ್ಣಾರೆ ಕಂಡು ಸಾಲದ ತೂಕವನ್ನು ದಿನವೂ ಅರಿಯುತ್ತಿದ್ದನು. ಇಂದಿನವನಿಗೆ ಆ ನೋಟವಿಲ್ಲ. ಕಂತು ತಾನಾಗಿಯೇ ಖಾತೆಯಿಂದ ಕಡಿತವಾಗುವುದರಿಂದ ಸಾಲವು ಮರೆವಿನಲ್ಲಿ ಬೆಳೆಯಲು ಅವಕಾಶವುಂಟಾಗಿದೆ.

ಈ ಮರೆವನ್ನು ಕಳೆಯಲು ಸ್ವಲ್ಪ ಲೆಕ್ಕ ಅವಶ್ಯಕ. ಒಬ್ಬ ಗೃಹಸ್ಥನು 20 ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಪಡೆದನೆಂದು ಇಟ್ಟುಕೊಳ್ಳೋಣ. ಅವನ ಮಾಸಿಕ ಕಂತು ಸುಮಾರು 17,356 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಸುಮಾರು 14,167 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 3,190 ರೂಪಾಯಿ ಮಾತ್ರ. ದರ ಬದಲಾಗದೆ ಉಳಿದರೂ ಅಸಲಿನ ಅರ್ಧ ತೀರುವುದು ಹದಿನಾಲ್ಕನೆಯ ವರ್ಷದಲ್ಲಿ. ಕೊನೆಯ ಕಂತು ಕಟ್ಟುವ ಹೊತ್ತಿಗೆ ಅವನು ಒಟ್ಟು 41 ಲಕ್ಷ 65 ಸಾವಿರದಷ್ಟು ಕಟ್ಟಿರುತ್ತಾನೆ. ಅಂದರೆ ಒಂದು ಮನೆಯನ್ನು ತನಗಾಗಿ ಕಟ್ಟಿಕೊಂಡವನು ಮತ್ತೊಂದು ಮನೆಯ ಬೆಲೆಯನ್ನು ಬಡ್ಡಿಯಾಗಿ ತೆತ್ತಂತಾಯಿತು.

ಇದೇ ಗೃಹಸ್ಥನು ಮೊದಲ ತಿಂಗಳಿನಿಂದಲೇ ಕಂತಿನ ಜೊತೆಗೆ 2,000 ರೂಪಾಯಿಗಳನ್ನು ಹೆಚ್ಚಾಗಿ ಅಸಲಿಗೆ ಕಟ್ಟುತ್ತ ಹೋದರೆ ಸಾಲವು 240 ತಿಂಗಳುಗಳ ಬದಲು 187 ತಿಂಗಳುಗಳಲ್ಲಿ ತೀರುತ್ತದೆ. ಸುಮಾರು ನಾಲ್ಕೂವರೆ ವರ್ಷಗಳ ಆಯುಷ್ಯವೂ ಐದೂವರೆ ಲಕ್ಷ ರೂಪಾಯಿಗಳ ಬಡ್ಡಿಯೂ ಉಳಿಯುತ್ತವೆ. ಕಾಲದ ಮಹತ್ವವನ್ನೂ ಗಮನಿಸಬೇಕು. ಒಂದು ಲಕ್ಷ ರೂಪಾಯಿಗಳನ್ನು ಮೊದಲ ವರ್ಷದ ಕೊನೆಯಲ್ಲಿ ಅಸಲಿಗೆ ಕಟ್ಟಿದರೆ ಮೂರೂವರೆ ಲಕ್ಷಕ್ಕೂ ಮಿಕ್ಕಿ ಬಡ್ಡಿ ಉಳಿಯುತ್ತದೆ. ಅದೇ ಲಕ್ಷವನ್ನು ಹತ್ತನೆಯ ವರ್ಷದ ಕೊನೆಯಲ್ಲಿ ಕಟ್ಟಿದರೆ ಉಳಿಯುವುದು ಒಂದೂಕಾಲು ಲಕ್ಷದಷ್ಟೇ. ಎಳೆಯ ಗಿಡವನ್ನು ಬಗ್ಗಿಸಬಹುದು, ಬಲಿತ ಮರವನ್ನು ಬಗ್ಗಿಸಲಾಗದು ಎಂಬ ಮಾತು ಸಾಲಕ್ಕೂ ಅನ್ವಯಿಸುತ್ತದೆ.

ಕಾನೂನೂ ಈ ಪ್ರಯತ್ನಕ್ಕೆ ಅನುಕೂಲವಾಗಿದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2012ರಲ್ಲಿ ಆದೇಶಿಸಿತು. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯವರೆಗೆ ರೆಪೋ ದರವು ಶೇಕಡಾ 4ರಿಂದ 6.5ಕ್ಕೆ ಏರಿದಾಗ ಅನೇಕರ ಕಂತು ಹಾಗೆಯೇ ಉಳಿದು, ಅವಧಿಯು ಅವರ ಅರಿವಿಗೆ ಬಾರದಂತೆ ವರ್ಷಗಟ್ಟಲೆ ಉದ್ದವಾಯಿತು. ಇದನ್ನು ಕಂಡು, ದರ ಮರುನಿಗದಿಯಾಗುವಾಗ ಕಂತನ್ನು ಹೆಚ್ಚಿಸುವುದೋ ಅವಧಿಯನ್ನು ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ನಿರ್ದೇಶಿಸಲಾಯಿತು. ಸಾಲ ಪೂರ್ಣ ತೀರಿದ ಮೂವತ್ತು ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮವು 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ವರ್ಷಕ್ಕೊಮ್ಮೆಯಾದರೂ ಬ್ಯಾಂಕಿಗೆ ಹೋಗಿ ಉಳಿದ ಅಸಲೆಷ್ಟು, ಅವಧಿಯೆಷ್ಟು ಎಂದು ಬರೆಸಿ ತರುವುದು ಗೃಹಸ್ಥನ ಕರ್ತವ್ಯ.

ಇನ್ನು ನೀತಿಯ ಪ್ರಶ್ನೆಗೆ ಬರೋಣ. ಸಾಲ ಮಾಡುವುದೇ ದೋಷವೇ? ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂಬ ಮತವನ್ನು ಚಾರ್ವಾಕರ ತಲೆಗೆ ಕಟ್ಟಿ ನಗುವುದು ನಮ್ಮಲ್ಲಿ ವಾಡಿಕೆ. ಆದರೆ ತಲೆಯ ಮೇಲಿನ ಸೂರು ತುಪ್ಪದಂಥದಲ್ಲ. ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಸಾಮಾನು ಹೊತ್ತು ಅಲೆಯುವ ಕುಟುಂಬವು ತನ್ನ ದುಡಿಮೆಯ ಬಲದ ಮೇಲೆ ನಂಬಿಕೆಯಿಟ್ಟು ಸಾಲ ಪಡೆದರೆ ಅದರಲ್ಲಿ ಅಧರ್ಮವೇನೂ ಇಲ್ಲ. ಮಾತು ಕೊಟ್ಟು ತಪ್ಪಿದರೆ ದೋಷ. ಎರಡು ಕೋಣೆ ಸಾಕಾಗುವಲ್ಲಿ ನೆರೆಯವರ ಕಣ್ಣಿಗಾಗಿ ನಾಲ್ಕು ಕೋಣೆ ಕಟ್ಟಿದರೆ ಅದೂ ದೋಷ. ನಮ್ಮ ನಾಡಿನ ಇತಿಹಾಸವೂ ಸಾಲವನ್ನು ಸಂಯಮದೊಡನೆ ಜೋಡಿಸಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ಒಬ್ಬೊಬ್ಬರ ಸಣ್ಣ ಉಳಿತಾಯವು ಒಂದುಗೂಡಿದರೆ ಊರಿಗೆ ಊರೇ ಬಡ್ಡಿಯ ಬಾಯಿಂದ ಪಾರಾಗಬಲ್ಲದೆಂಬುದು ಅಂಥ ಸಂಘಗಳ ಮೂಲತತ್ತ್ವ. ಉಳಿತಾಯವು ಜಿಪುಣರ ವ್ಯಸನವೆಂದು ಹಳಿಯುವವರು ಇದನ್ನು ನೆನೆಯಬೇಕು.

ಮಿತವ್ಯಯಕ್ಕೂ ಲೋಭಕ್ಕೂ ಹೊರನೋಟದಲ್ಲಿ ಭೇದ ಕಾಣುವುದಿಲ್ಲ. ಇಬ್ಬರೂ ಕೈ ಬಿಗಿಹಿಡಿದವರೇ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಔದಾರ್ಯವನ್ನು ದುಂದುಗಾರಿಕೆ ಮತ್ತು ಜಿಪುಣತನಗಳ ನಡುವಣ ಮಧ್ಯಮಮಾರ್ಗವೆಂದು ವಿವರಿಸಿದ್ದಾನೆ. ಎಷ್ಟು ಖರ್ಚಾಯಿತೆಂಬುದು ಅಲ್ಲಿ ಮುಖ್ಯವಲ್ಲ. ಯಾರಿಗಾಗಿ, ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ ಎಂಬುದೇ ಅದರ ಅಳತೆಗೋಲು. ಮಿತವ್ಯಯಿಯು ತನ್ನ ಸುಖವನ್ನು ಮೊಟಕುಮಾಡಿಕೊಳ್ಳುತ್ತಾನೆ, ಲೋಭಿಯು ಪರರ ಪಾಲನ್ನು ಮೊಟಕುಮಾಡುತ್ತಾನೆ. ಈ ಒಂದು ಸೂತ್ರವನ್ನು ಹಿಡಿದು ಮನೆಯ ಖರ್ಚಿನ ಪಟ್ಟಿಯನ್ನು ಪರಿಶೀಲಿಸಿದರೆ ದಾರಿ ಸ್ಪಷ್ಟವಾಗುತ್ತದೆ.

ತನ್ನ ಸುಖದಿಂದ, ಅದಕ್ಕಿಂತ ಹೆಚ್ಚಾಗಿ ಆಡಂಬರದಿಂದ ಕಳೆಯಬಹುದಾದುದು ಸಾಮಾನ್ಯವಾಗಿ ನಾವು ಭಾವಿಸಿದ್ದಕ್ಕಿಂತ ಹೆಚ್ಚೇ ಇರುತ್ತದೆ. ತಿಂಗಳಿಗೆ ಎರಡು ಬಾರಿ ಹೊರಗಿನಿಂದ ತರಿಸುವ ಊಟವನ್ನು ನಿಲ್ಲಿಸಿದರೆ 800 ರೂಪಾಯಿ, ನೋಡದೆಯೂ ಹಣ ತೆರುತ್ತಿರುವ ಮೊಬೈಲಿನ ಚಂದಾಗಳಿಂದ 300, ಮೂಲೆಯಂಗಡಿಗೂ ಸ್ಕೂಟರ್ ಏರುವ ಅಭ್ಯಾಸದಿಂದ 400, ರಿಯಾಯಿತಿಯ ಆಸೆಗೆ ಕೊಂಡು ಮೂಲೆಗಿಡುವ ವಸ್ತುಗಳಿಂದ 500 ಉಳಿಯಬಹುದು. ಮೇಲೆ ಹೇಳಿದ ಎರಡು ಸಾವಿರ ಇಷ್ಟರಲ್ಲಿಯೇ ದೊರೆಯಿತು. ಬೇಳೆಯನ್ನು ನೆನೆಯಿಟ್ಟು ಬೇಯಿಸಿದರೆ ಅನಿಲ ಉಳಿಯುತ್ತದೆ. ವಾರದ ಸಂತೆಯಲ್ಲಿ ಆಯಾ ಋತುವಿನ ಕಾಯಿಪಲ್ಲೆ ಕೊಂಡರೆ ಹಣವೂ ಆರೋಗ್ಯವೂ ಉಳಿಯುತ್ತವೆ. ಜೋಳದ ರೊಟ್ಟಿ, ಮುದ್ದೆ, ಸೊಪ್ಪಿನ ಸಾರುಗಳು ಬಡತನದ ಗುರುತುಗಳೆಂದು ನಾಚುತ್ತಿದ್ದ ನಗರವಾಸಿಗಳು ಇಂದು ವೈದ್ಯರ ಸಲಹೆಯ ಮೇರೆಗೆ ಅವುಗಳತ್ತ ಮರಳುತ್ತಿದ್ದಾರೆ. ಮದುವೆಯ ಮುಯ್ಯಿಯಲ್ಲಿ ಪೈಪೋಟಿಗಿಳಿಯುವುದೂ, ಗೃಹಪ್ರವೇಶಕ್ಕೆ ಊರನ್ನೇ ಕರೆದು ಕೈಸಾಲ ಮಾಡಿಕೊಳ್ಳುವುದೂ ನಿಂತರೆ ಕೆಲವು ಕಂತುಗಳೇ ಉಳಿದಾವು. ಇವೆಲ್ಲವುಗಳಿಂದ ಯಾರ ಪಾಲಿಗೂ ಕೊರತೆಯುಂಟಾಗುವುದಿಲ್ಲ.

ಆದರೆ ಮಠಕ್ಕೆ ಬಂದುಹೋಗುವ ಕುಟುಂಬಗಳಲ್ಲಿ ನಾವು ಕಂಡಿರುವಂತೆ, ಖರ್ಚಿನ ಕತ್ತರಿ ಯಾವಾಗಲೂ ಈ ಕ್ರಮದಲ್ಲಿ ಆಡುವುದಿಲ್ಲ. ಬಲವಿಲ್ಲದವರ ಕಡೆಗೇ ಅದು ಮೊದಲು ಬಾಗುತ್ತದೆ. ಮನೆಗೆಲಸದಾಕೆ ವರ್ಷಕ್ಕೊಮ್ಮೆ ಕೇಳುವ ಸಂಬಳದ ಏರಿಕೆಯನ್ನು “ಸಾಲವಿದೆ” ಎಂಬ ಕಾರಣದಿಂದ ನಿರಾಕರಿಸಲಾಗುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ತಂದ ಸೊಪ್ಪಿನವಳೊಡನೆ ಎರಡು ರೂಪಾಯಿಗೆ ಚೌಕಾಶಿ ಮಾಡುವ ಕೈಯೇ ದೊಡ್ಡ ಮಳಿಗೆಯಲ್ಲಿ ಅಚ್ಚುಹಾಕಿದ ಬೆಲೆಯನ್ನು ಮಾತಿಲ್ಲದೆ ತೆರುತ್ತದೆ. ಮುದಿ ತಾಯಿ ಮಗನ ಕಷ್ಟವನ್ನು ಕಂಡು, ದಿನಕ್ಕೆರಡು ಸಲ ನುಂಗಬೇಕಾದ ರಕ್ತದೊತ್ತಡದ ಮಾತ್ರೆಯನ್ನು ಒಂದೇ ಸಲ ನುಂಗಿ ಸುಮ್ಮನಾಗುತ್ತಾಳೆ. ಇವುಗಳನ್ನು ಉಳಿತಾಯವೆಂದು ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳಬಹುದು. ಧರ್ಮದ ಲೆಕ್ಕದಲ್ಲಿ ಇವು ಹೊಸ ಸಾಲಗಳು. ಬ್ಯಾಂಕಿನ ಸಾಲವನ್ನು ಕೆಲಸದಾಕೆಯ ಹೆಗಲಿಗೂ ತಾಯಿಯ ದೇಹಕ್ಕೂ ವರ್ಗಾಯಿಸಿದಂತಾಯಿತೇ ಹೊರತು ಸಾಲ ತೀರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಿಂಗಳ ಕಂತು ಇಂದೇ ಸಲ್ಲಬೇಕಾದ ಋಣ. ಕಂತಿನ ಮೇಲೆ ನಾವು ಹೆಚ್ಚಾಗಿ ಕಟ್ಟುವ ಹಣ ಇನ್ನೂ ಸಲ್ಲಬೇಕಾದ ಕಾಲ ಬಾರದ ಋಣ; ಅದನ್ನು ಇಂದು ಕಟ್ಟದಿದ್ದರೆ ಬ್ಯಾಂಕಿಗೆ ಅನ್ಯಾಯವೇನೂ ಆಗದು. ಕೆಲಸದಾಕೆಯ ನ್ಯಾಯವಾದ ಸಂಬಳ, ತಾಯಿಯ ಔಷಧ, ಮಕ್ಕಳ ಹಾಲು ಹಾಗೂ ಪುಸ್ತಕ ಇವು ಇಂದಿನ ಋಣಗಳು. ನಾಳೆಯ ಋಣವನ್ನು ಇಂದು ತೀರಿಸುವ ಉತ್ಸಾಹದಲ್ಲಿ ಇಂದಿನ ಋಣವನ್ನು ನಾಳೆಗೆ ತಳ್ಳುವುದು ನ್ಯಾಯದ ಕ್ರಮವನ್ನೇ ತಲೆಕೆಳಗು ಮಾಡಿದಂತೆ. ಅವಧಿಗೆ ಮುನ್ನ ಸಾಲ ತೀರಿಸಬೇಕೆನ್ನುವ ಪ್ರತಿಯೊಬ್ಬ ಗೃಹಸ್ಥನೂ ಮೊದಲು ಈ ಪಟ್ಟಿಯನ್ನು ಬರೆದಿಡಲಿ.

ಗೃಹಿಣಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮನೆಯ ಖರ್ಚು ಕಡಿಮೆ ಮಾಡೋಣವೆಂದು ಯಜಮಾನನು ಒಂದು ಮಾತು ಹೇಳಿ ಹೊರಗೆ ಹೋಗುತ್ತಾನೆ. ಆ ಮಾತನ್ನು ಕಾರ್ಯರೂಪಕ್ಕೆ ತರುವವಳು ಅಡುಗೆಮನೆಯಲ್ಲಿರುವವಳು. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ರೂಢಿಯಿರುವಲ್ಲಿ ಪಾತ್ರೆ ಸಣ್ಣದಾದರೆ ಯಾರ ತಟ್ಟೆ ಬರಿದಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಸಾಸಿವೆ ಡಬ್ಬಿಯಲ್ಲಿ ಆಕೆ ಕಾಸಿಗೆ ಕಾಸು ಕೂಡಿಟ್ಟ ಹಣ, ತವರಿನಿಂದ ಬಂದ ನಾಲ್ಕು ಬಳೆ ಇವೂ ಒಂದು ದಿನ ಅಸಲಿಗೆ ಸೇರುತ್ತವೆ. ಹೀಗಿದ್ದೂ ಮನೆಯ ಪತ್ರದಲ್ಲಿ ಆಕೆಯ ಹೆಸರಿರುವುದಿಲ್ಲ! ತ್ಯಾಗ ಇಬ್ಬರದು, ಸ್ವಾಮ್ಯ ಒಬ್ಬನದು ಎಂದರೆ ಅದು ಯಾವ ನ್ಯಾಯ? ಸ್ತ್ರೀಗೆ ಸಮಾನಸ್ಥಾನವನ್ನು ಘೋಷಿಸಿದ ಶರಣರ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಖರ್ಚಿನ ಪಟ್ಟಿಯನ್ನು ಇಬ್ಬರೂ ಕೂಡಿ ಬರೆಯಬೇಕು, ಸ್ವತ್ತಿನ ಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು.

ಇನ್ನೊಂದು ಪ್ರಶ್ನೆಯನ್ನು ಭಕ್ತರು ಆಗಾಗ ಕೇಳುತ್ತಾರೆ. “ಸಾಲವಿರುವವನು ದಾಸೋಹ ಮಾಡಬಹುದೇ? ಅದು ಪರರ ಹಣದಿಂದ ಪುಣ್ಯ ಸಂಪಾದಿಸಿದಂತಾಗುವುದಿಲ್ಲವೇ?” ಪ್ರಶ್ನೆ ಯೋಗ್ಯವಾದುದು. ದಾಸೋಹವು ಸ್ವಂತ ಕಾಯಕದ ಗಳಿಕೆಯಿಂದ ಆಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆ ತಿಂಗಳ ಕಂತನ್ನು ಕಟ್ಟಿದ ಮೇಲೆ ಉಳಿಯುವುದು ತನ್ನ ಕಾಯಕದ ಫಲವೇ ಆದುದರಿಂದ ಅದರಲ್ಲಿ ಸಮಾಜದ ಪಾಲು ಇದ್ದೇ ಇದೆ. ಪಾಲಿನ ಗಾತ್ರವನ್ನು ಕಿರಿದುಮಾಡಬಹುದು, ಆದರೆ ನೀಡುವ ಕೈಯನ್ನು ಪೂರ್ಣವಾಗಿ ಹಿಂದೆಗೆಯಬಾರದು. ಇಪ್ಪತ್ತು ವರ್ಷ ನೀಡದೆ ಇದ್ದ ಕೈ ಇಪ್ಪತ್ತೊಂದನೆಯ ವರ್ಷ ತಾನಾಗಿ ನೀಡೀತೆಂದು ನಂಬುವುದು ಮನಸ್ಸಿನ ಸ್ವಭಾವವನ್ನರಿಯದವರ ಮಾತು. ಹಿಡಿ ಅಕ್ಕಿಯಾದರೂ ನಡೆಯಲಿ. ಇದರೊಡನೆ, ಮಠದ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ, ಮತ್ತೊಂದು ಮಾತನ್ನೂ ನಾವು ಸ್ಪಷ್ಟವಾಗಿ ಹೇಳಬೇಕು. ಜಾತ್ರೆಯ ವಂತಿಗೆಗಾಗಲಿ, ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ಕಾಣಿಕೆಗಾಗಲಿ ಯಾವ ಗೃಹಸ್ಥನೂ ಕಂತು ತಪ್ಪಿಸಬಾರದು, ಕೈಸಾಲ ಮಾಡಬಾರದು. ಅಂಥ ಹಣವನ್ನು ಅಪೇಕ್ಷಿಸುವ ಅಧಿಕಾರ ಯಾವ ಮಠಕ್ಕೂ ಇಲ್ಲ.

ವ್ಯವಹಾರಕುಶಲರು ಬೇರೆಯ ಆಕ್ಷೇಪವೆತ್ತುತ್ತಾರೆ. ಆ ಎರಡು ಸಾವಿರವನ್ನು ಬೇರೆಡೆ ತೊಡಗಿಸಿದರೆ ಬಡ್ಡಿಗಿಂತ ಹೆಚ್ಚು ಲಾಭ ಬರಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ, ತಾನೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿಗಳವರೆಗೆ ವಿನಾಯಿತಿಯೂ ಇದೆ ಎಂಬುದು ಅವರ ವಾದ. ಇದನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ಲಾಭವು “ಬರಬಹುದು”, ಕಂತು ಮಾತ್ರ “ಬಂದೇ ಬರುತ್ತದೆ”. ನೂರು ರೂಪಾಯಿ ಬಡ್ಡಿ ತೆತ್ತು ಮೂವತ್ತು ರೂಪಾಯಿ ತೆರಿಗೆ ಉಳಿಸಿದವನಿಗೆ ಎಪ್ಪತ್ತು ರೂಪಾಯಿ ನಷ್ಟವೇ ಆಗಿರುತ್ತದೆ. ಇದೂ ಅಲ್ಲದೆ, ಹೆಚ್ಚಿನ ಲಾಭದ ಹೆಸರಿನಲ್ಲಿ ಸಾಲಕ್ಕೆ ಕಟ್ಟದೆ ಉಳಿಸಿದ ಹಣ ನಿಜವಾಗಿ ತೊಡಗುವುದು ವಿರಳ, ಕರಗುವುದೇ ಹೆಚ್ಚು. ಅವರ ಮಾತಿನಲ್ಲಿ ಒಂದಂಶ ಮಾತ್ರ ಗ್ರಾಹ್ಯವಾದುದು. ಅಸಲಿಗೆ ಕಟ್ಟಿದ ಹಣ ಸುಲಭವಾಗಿ ಮರಳಿ ಕೈಗೆ ಬಾರದು. 2020ರ ಮಾರ್ಚಿನಿಂದ ಆಗಸ್ಟಿನವರೆಗೆ, ಮಹಾಮಾರಿಯ ಕಾಲದಲ್ಲಿ, ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಮಾಡಿಕೊಟ್ಟಿತು. ಅದು ಮುಂದೂಡಿಕೆಯೇ ಹೊರತು ಮನ್ನಾ ಆಗಿರಲಿಲ್ಲ. ಬಡ್ಡಿಯ ಗಡಿಯಾರ ನಿಲ್ಲಲಿಲ್ಲ. ಆದುದರಿಂದ ಆರು ತಿಂಗಳ ಕಂತು ಹಾಗೂ ಮನೆಖರ್ಚಿನಷ್ಟು ಹಣವನ್ನು ಮೊದಲು ಕಾಯ್ದಿಟ್ಟು, ಆನಂತರ ಅವಧಿಪೂರ್ವ ಪಾವತಿಗೆ ತೊಡಗುವುದು ವಿವೇಕ. ಚಿನ್ನದ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಮುಂತಾದ ಹೆಚ್ಚು ಬಡ್ಡಿಯ ಸಾಲಗಳಿದ್ದರೆ ಅವು ಮೊದಲು ತೀರಲಿ.

ಕೊನೆಯದಾಗಿ ಎಲ್ಲಕ್ಕಿಂತ ಮೂಲಭೂತವಾದ ಪ್ರಶ್ನೆ: ಋಣಮುಕ್ತಿ ಯಾವುದಕ್ಕಾಗಿ? ಅಮೆರಿಕದ ಚಿಂತಕ ಥೋರೋ 1854ರಲ್ಲಿ ಪ್ರಕಟಿಸಿದ “ವಾಲ್ಡನ್” ಗ್ರಂಥದಲ್ಲಿ ತನ್ನ ಊರಾದ ಕಾಂಕರ್ಡಿನ ರೈತರನ್ನು ಕುರಿತು ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಅಡಮಾನವಿಲ್ಲದ ಹೊಲವುಳ್ಳವರು ಯಾರೆಂದು ತೆರಿಗೆಯ ಅಧಿಕಾರಿಗಳನ್ನು ಕೇಳಿದರೆ, ಹನ್ನೆರಡು ಹೆಸರುಗಳನ್ನೂ ಅವರಿಗೆ ಥಟ್ಟನೆ ಹೇಳಲಾಗಲಿಲ್ಲವಂತೆ. ಒಂದು ವಸ್ತುವಿನ ನಿಜವಾದ ಬೆಲೆಯೆಂದರೆ ಅದಕ್ಕಾಗಿ ನಾವು ತೆರುವ ಆಯುಷ್ಯ ಎಂಬುದು ಅವನ ಸಿದ್ಧಾಂತ. ಈ ದೃಷ್ಟಿಯಿಂದ ನೋಡಿದರೆ ಬಡ್ಡಿಯೆಂಬುದು ನಮ್ಮ ದುಡಿಮೆಯ ದಿನಗಳೇ. ಮೇಲಿನ ಲೆಕ್ಕದಲ್ಲಿ ಉಳಿದ ನಾಲ್ಕೂವರೆ ವರ್ಷಗಳು ಗೃಹಸ್ಥನಿಗೆ ಮರಳಿ ದೊರೆತ ಆಯುಷ್ಯ. ಸಾಲವಿರುವವನು ಮೇಲಧಿಕಾರಿಯ ಅನ್ಯಾಯದ ಆಜ್ಞೆಗೆ ಎದುರಾಡಲು ಹಿಂಜರಿಯುತ್ತಾನೆ. ಮನಸ್ಸಿಗೊಪ್ಪದ ಕೆಲಸವನ್ನು ಬಿಡಲಾರನು. ಲಂಚದ ಆಮಿಷದ ಮುಂದೆ ದುರ್ಬಲನಾಗುತ್ತಾನೆ. ಸಾಲ ತೀರಿದವನ ಬೆನ್ನು ನೆಟ್ಟಗಾಗುತ್ತದೆ. ಋಣಮುಕ್ತಿಯ ನೈತಿಕ ಮಹತ್ವ ಇಲ್ಲಿದೆ. ಆದರೆ ಪತ್ರಗಳು ಕೈಸೇರಿದ ತಿಂಗಳೇ ದೊಡ್ಡ ಕಾರಿಗೋ ಎರಡನೆಯ ನಿವೇಶನಕ್ಕೋ ಹೊಸ ಸಾಲಪತ್ರಕ್ಕೆ ಸಹಿ ಹಾಕುವವನ ಹದಿನೈದು ವರ್ಷಗಳ ಸಂಯಮವು ಆಸೆಯನ್ನು ಮುಂದೂಡಿತ್ತೇ ಹೊರತು ಗೆದ್ದಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮೆಲ್ಲರಿಗೂ ಪರಿಚಿತವಾದುದು. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದುದು ನಮಗೇಕೆಂದು ಅವನನ್ನು ಎಚ್ಚರಿಸಿ, ಹೆಚ್ಚಾದುದನ್ನು ತಂದಲ್ಲಿಗೇ ಮರಳಿಸಿದವಳು ಆಕೆ. ಈ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಎಷ್ಟು ಸಾಕು ಎಂಬುದನ್ನು ಆ ಮನೆಯವರು ಮೊದಲೇ ಅರಿತಿದ್ದರು. ಆ ಅರಿವನ್ನು ನುಡಿಯುವ ಅಧಿಕಾರ ಗೃಹಿಣಿಗೂ ಇತ್ತು. “ಸಾಕು” ಎಂಬ ಮಾತು ತಿಳಿಯದ ಮನೆಯಲ್ಲಿ ಗಳಿಕೆಯೂ ಸಾಲದು, ಉಳಿತಾಯವೂ ಸಾಲದು.

ಆದುದರಿಂದ ಸದ್ಭಕ್ತರು ಈ ತಿಂಗಳು ಒಂದು ಸಂಜೆ ಮನೆಯವರೆಲ್ಲರನ್ನೂ ಕೂಡಿಸಿಕೊಂಡು ಒಂದು ಹಾಳೆಯಲ್ಲಿ ಮೂರು ಪಟ್ಟಿಗಳನ್ನು ಬರೆಯಲಿ. ಯಾರಿಗೂ ನೋವಾಗದಂತೆ ನಾವು ಬಿಡಬಹುದಾದುದು ಒಂದು, ಎಂದಿಗೂ ಮುಟ್ಟಬಾರದ ಪರರ ಪಾಲು ಎರಡು, ಸಾಲ ತೀರಿದ ಮೇಲೆ ಕಂತಿನ ಹಣ ಏನಾಗಬೇಕೆಂಬುದು ಮೂರು. ಮೊದಲನೆಯ ಪಟ್ಟಿಯನ್ನು ಬರೆಯುವವರು ಬಹಳ ಜನ. ಎರಡನೆಯದನ್ನೂ ಮೂರನೆಯದನ್ನೂ ಬರೆದವರ ಮನೆಯಲ್ಲಿ ಮಿತವ್ಯಯವು ವ್ರತವಾಗಿ ನಿಲ್ಲುತ್ತದೆ, ಋಣಮುಕ್ತಿಯು ಸಾರ್ಥಕವಾಗುತ್ತದೆ.